ಮ್ಯಾನೇಜರ ಹನ್ನೆರಡು ಪದಗಳು

ನಾನು ಸ್ಮಶಾನದ ಗುಮಾಸ್ತ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಇಲ್ಲಿನ ಒಬ್ಬ ನಿವಾಸಿಯೂ ನನ್ನ ಮೇಲೆ ದೂರು ಕೊಟ್ಟಿಲ್ಲ. ದೂರು ಕೊಡುವವರೆಲ್ಲ ಅವರನ್ನು ಬಿಟ್ಟುಹೋಗಲು ಬರುವವರು. ಅಂಥವರಿಗಾಗಿ ನನ್ನ ಮೇಜಿನ ಮೇಲೆ ನಿಯಮಾವಳಿ ಪುಸ್ತಕವಿದೆ, ಪುಸ್ತಕದ ಮೇಲೆ ಮೊಹರಿದೆ, ಮೊಹರಿನ ಮೇಲೆ ನನ್ನ ಕೈ ಇದೆ. ಈ ಕಥೆಯಲ್ಲಿ ಆದ ನಷ್ಟದಲ್ಲಿ ಅರ್ಧ ಪಾಲು ಆ ಕೈಯದೇ. ಆಮೇಲೆ ಮುಚ್ಚಿಟ್ಟರು ಎಂದು ಯಾರೂ ಅನ್ನಬಾರದು, ಅದಕ್ಕೇ ಈಗಲೇ ಹೇಳಿದೆ.

ನಮ್ಮ ಗೇಟಿನ ಪಕ್ಕದ ಶೆಡ್ಡಿನಲ್ಲಿ ಸಮಾಧಿ ಕಲ್ಲಿಗೆ ಅಕ್ಷರ ಕೆತ್ತುವವರು ಒಬ್ಬರಿದ್ದಾರೆ. ಅವರ ಕೆಲಸದಲ್ಲಿ ಒಂದು ವಿಚಿತ್ರವಿದೆ. ಮೂವತ್ತು ವರ್ಷದಿಂದ ಕೆತ್ತುತ್ತಿದ್ದಾರೆ, ಕೆತ್ತಿದ್ದನ್ನು ಓದಿದ್ದು ಒಂದೇ ಒಂದು ಸಲ. ಕೆಲಸ ಕಲಿತ ಹೊಸದರಲ್ಲಿ ಮೂರು ವರ್ಷದ ಮಗುವಿನ ಕಲ್ಲೊಂದನ್ನು ಓದುತ್ತಾ ಕೆತ್ತಿ, ಉಳಿ ಜಾರಿ, ಕಲ್ಲೂ ಹೋಯಿತು, ಹೆಬ್ಬೆರಳಿನ ತುದಿಯೂ ಹೋಯಿತು. ಅಂದಿನಿಂದ ಅವರು ಅಕ್ಷರವನ್ನು ಮಾತ್ರ ನೋಡುತ್ತಾರೆ. ಎಷ್ಟು ದಪ್ಪ, ಎಷ್ಟು ಆಳ, ಅಷ್ಟೇ. ನಿನ್ನೆ ಯಾರ ಕಲ್ಲು ಮಾಡಿದಿರಿ ಎಂದು ಕೇಳಿದರೆ, "ಎಂಟು ಸಾಲು, ನಡುವೆ ಎರಡು ಒತ್ತಕ್ಷರ" ಅನ್ನುತ್ತಾರೆ. ಸತ್ತವರ ಬಗ್ಗೆ ಇಷ್ಟು ಕಡಿಮೆ ತಿಳಿದುಕೊಂಡು ಅವರಿಗಾಗಿ ಇಷ್ಟು ದುಡಿದವರನ್ನು ನಾನು ಬೇರೆ ಕಂಡಿಲ್ಲ.

ಅವರ ಹೆಂಡತಿ ಮನೆಯಲ್ಲೇ ಕೂತು ಒಂದು ಅಂಗಡಿಯ ಶರ್ಟುಗಳ ಗುಂಡಿ ತೂತಿಗೆ ಕಾಜಾ ಹಾಕುತ್ತಾರೆ. ಕಳೆದ ವರ್ಷ ಅವರ ಕಣ್ಣು ಮಂಜಾಗತೊಡಗಿತು. ಡಾಕ್ಟರು ನೋಡಿ, ಗಂಡನನ್ನು ಮಾತ್ರ ಪಕ್ಕಕ್ಕೆ ಕರೆದು, ಕಣ್ಣಿನ ಹಿಂದಿನ ಪೊರೆ ಸಡಿಲವಾಗುತ್ತಿದೆ, ಎರಡಕ್ಕೂ ಈ ವರ್ಷದೊಳಗೆ ಆಪರೇಷನ್ ಆಗಬೇಕು, ತಡವಾದರೆ ಆಮೇಲೆ ಮಾಡಿಸಿ ಪ್ರಯೋಜನವಿಲ್ಲ ಎಂದಿದ್ದರು. ಹೆಂಡತಿಗೆ ಅವರು ಹೇಳಿದ್ದು ಇಷ್ಟೇ: "ಆಪರೇಷನ್ ಮಾಡಿದ್ರೆ ಸರಿಹೋಗುತ್ತಂತೆ." ಆಕೆ ಹನ್ನೊಂದು ವರ್ಷ ಕಾಜಾ ಹಾಕಿ ಕೂಡಿಟ್ಟದ್ದನ್ನೆಲ್ಲ ತಂದು ಗಂಡನ ಕೈಗೆ ಕೊಟ್ಟರು. ಎರಡು ಕಣ್ಣಿಗೆ ಸರಿಯಾಗಿ ಸಾಲುವಷ್ಟು ಹಣ. ಅದನ್ನು ಹಾಗೇ ಕೊಂಡೊಯ್ದು ಆಸ್ಪತ್ರೆಗೆ ಕಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ, ನಾನೂ ನೆಮ್ಮದಿಯಾಗಿರುತ್ತಿದ್ದೆ.

ಆದರೆ ಆಸ್ಪತ್ರೆಯವರು ನಾಲ್ಕು ತಿಂಗಳ ಆಚೆಯ ದಿನ ಕೊಟ್ಟರು, ಆ ನಾಲ್ಕು ತಿಂಗಳಲ್ಲಿ ಭಾಮೈದ ಬಂದ. ಹೆಂಡತಿಯ ತಮ್ಮ, ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲೆ ಹೋಗುವುದನ್ನೂ ಕೆಳಗೆ ಬರುವುದನ್ನೂ ನೋಡುವ ಮನುಷ್ಯ. ಮೇಲೆ ಹೋದದ್ದು ಕೆಳಗೂ ಬರುತ್ತದೆ ಎಂಬುದು ಇವನಿಗಾದರೂ ಗೊತ್ತಿರಬೇಕಿತ್ತು.

"ಭಾವ, ಬ್ಯಾಂಕಲ್ಲಿಟ್ರೆ ದುಡ್ಡು ಮಲಗಿರುತ್ತೆ," ಅಂದ ಅವನು, ನನ್ನ ಆಫೀಸಿನ ಬೆಂಚಿನ ಮೇಲೆ ಕೂತು. ಶೆಡ್ಡಿನಲ್ಲಿ ಇಂಟರ್ನೆಟ್ ಸಿಗುವುದಿಲ್ಲವೆಂದು ಅವರ ಮನೆ ವ್ಯವಹಾರವೆಲ್ಲ ನನ್ನ ಆಫೀಸಿನಲ್ಲೇ ನಡೆಯುತ್ತಿತ್ತು. "ಈ ಕ್ರಿಪ್ಟೋ ನಾಣ್ಯದಲ್ಲಿ ಹಾಕಿದ್ರೆ ಓಡಾಡುತ್ತೆ. ನಾಲ್ಕು ತಿಂಗಳಲ್ಲಿ ಎರಡು ಕಣ್ಣಿನ ದುಡ್ಡು ನಾಲ್ಕು ಕಣ್ಣಿಗಾಗುತ್ತೆ."

ಮನುಷ್ಯರಿಗೆ ನಾಲ್ಕು ಕಣ್ಣು ಯಾಕೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಭಾಮೈದ ಭಾವನ ಫೋನಿಗೆ ಒಂದು ವ್ಯಾಲೆಟ್, ಎಂದರೆ ಕನ್ನಡದಲ್ಲೇ ನಡೆಯುವ ನಾಣ್ಯದ ಪರ್ಸು, ಹಾಕಿಕೊಟ್ಟ. "ಇದಕ್ಕೆ ಯಜಮಾನ ನೀವೊಬ್ರೇ ಭಾವ. ಬ್ಯಾಂಕಿಲ್ಲ, ಆಫೀಸಿಲ್ಲ, ಕೌಂಟರಿಲ್ಲ. ಈಗ ಹನ್ನೆರಡು ಪದ ಬರುತ್ತೆ. ಅದು ಇದೇ ಕ್ರಮದಲ್ಲಿ ಯಾರ ಹತ್ರ ಇರುತ್ತೋ ದುಡ್ಡು ಅವರದ್ದು. ಫೋನ್ ಹೋದ್ರೆ ಚಿಂತೆಯಿಲ್ಲ, ಬೇರೆ ಫೋನಲ್ಲಿ ಪದ ಹಾಕಿದ್ರೆ ದುಡ್ಡು ವಾಪಸ್ ಕಾಣುತ್ತೆ. ಪದ ಹೋದ್ರೆ ಮಾತ್ರ ಯಾರ ಕಾಲಿಗೆ ಬಿದ್ರೂ ಬರಲ್ಲ. ಫೋಟೋ ತೆಗೀಬೇಡಿ, ಯಾರಿಗೂ ತೋರಿಸ್ಬೇಡಿ. ನಾನೂ ನೋಡಬಾರ್ದು."

"ಕಾಗದದಲ್ಲಿ ಬರ್ಕೊಳ್ಲಾ?"

"ಬರ್ಕೊಳ್ಳಿ. ಆದ್ರೆ ಕಾಗದ ಸುಡುತ್ತೆ, ನೆನೆಯುತ್ತೆ, ಹರಿಯುತ್ತೆ. ಅದು ನೆನಪಿರ್ಲಿ."

ಹೀಗೆಂದು ಭಾಮೈದ ಗೋಡೆಯ ಕಡೆ ತಿರುಗಿ ನಿಂತ. ನನ್ನನ್ನು, ನನ್ನದೇ ಆಫೀಸಿನಿಂದ, "ಸಾಹೇಬ್ರೇ, ಸ್ವಲ್ಪ ಹೊರಗಿರ್ತೀರಾ" ಎಂದು ಕಳಿಸಿದರು. ನಾನು ಬಿಸಿಲಿನಲ್ಲಿ ನಿಂತು, ಇದು ನಿಯಮಾವಳಿಯ ಯಾವ ಕಲಮಿಗೆ ವಿರುದ್ಧ ಎಂದು ಯೋಚಿಸಿದೆ.

ಸುಡದ, ನೆನೆಯದ, ಹರಿಯದ ವಸ್ತು ಯಾವುದೆಂದು ಅಕ್ಷರ ಕೆತ್ತುವವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶೆಡ್ಡಿನಲ್ಲಿ ಉಳಿದಿದ್ದ ಒಂದು ಒಳ್ಳೆಯ ಕರಿಕಲ್ಲನ್ನು ತೆಗೆದು ಹನ್ನೆರಡು ಪದಗಳನ್ನೂ ಒಂದರ ಕೆಳಗೊಂದು ಕೆತ್ತಿದರು. ಸುತ್ತ ಅಂಚಿಗೆ ಬಳ್ಳಿಯನ್ನೂ ಬಿಟ್ಟರು, ಬಳ್ಳಿ ಇಲ್ಲದೆ ಅವರ ಕೈ ನಿಲ್ಲುವುದಿಲ್ಲ. ಮಾಮೂಲಾಗಿ ಸಮಾಧಿ ಕಲ್ಲಿನ ಬುಡದಲ್ಲಿ ಒಂದೂವರೆ ಗೇಣು ಖಾಲಿ ಬಿಡಬೇಕು, ಅಷ್ಟು ಕಾಂಕ್ರೀಟಿನಲ್ಲಿ ಹೂತುಹೋಗುತ್ತದೆ. ಇದು ನೆಡುವ ಕಲ್ಲಲ್ಲವಾದ್ದರಿಂದ ತಳದವರೆಗೂ ಕೆತ್ತಿದರು. ಆಮೇಲೆ ಪದ ಬರೆದುಕೊಂಡಿದ್ದ ಕಾಗದವನ್ನು ಸುಟ್ಟು, ಕಲ್ಲಿಗೆ ಗೋಣಿ ಸುತ್ತಿ, ತಯಾರಾದ ಕಲ್ಲುಗಳ ಸಾಲಿನಲ್ಲಿ ಮುಖ ಗೋಡೆಗೆ ಮಾಡಿ ನಿಲ್ಲಿಸಿದರು. "ಕಲ್ಲುಗಳ ನಡುವೆ ಕಲ್ಲನ್ನ ಯಾರು ಹುಡುಕ್ತಾರೆ ಸಾಹೇಬ್ರೇ" ಎಂದು ನನಗೆ ಗುಟ್ಟಾಗಿ ಹೇಳಿದರು. ಕೆತ್ತುವಾಗ ಎಂದಿನಂತೆ ಒಂದು ಪದವನ್ನೂ ಓದಿರಲಿಲ್ಲ.

ಹೆಂಡತಿ ಹಣದ ವಿಚಾರ ಕೇಳಿದಾಗ, "ಬ್ಯಾಂಕಲ್ಲಿದೆ. ಆ ಬ್ಯಾಂಕಿಗೆ ನಾನೇ ಮ್ಯಾನೇಜರ್ರು" ಅಂದರು. ಚಹಾದ ಅಂಗಡಿಯಲ್ಲೂ ಅದನ್ನೇ ಹೇಳಿದರು. ಅಲ್ಲಿಂದ ಅವರಿಗೆ ಮ್ಯಾನೇಜರು ಎಂಬ ಹೆಸರು ಅಂಟಿಕೊಂಡಿತು. ಸಮಾಧಿ ಕಲ್ಲಿನ ಗುತ್ತಿಗೆದಾರನೂ ಎದ್ದು ನಿಂತು ನಮಸ್ಕಾರ ಮಾಡತೊಡಗಿದ. ಮ್ಯಾನೇಜರು ಅದನ್ನು ತಮಾಷೆ ಎಂದು ತಿಳಿಯಲಿಲ್ಲ, ತಲೆ ಅಲ್ಲಾಡಿಸಿ ಸ್ವೀಕರಿಸುತ್ತಿದ್ದರು.

ಮೊದಲ ತಿಂಗಳು ಎರಡು ಕಣ್ಣು ಮೂರು ಕಣ್ಣಾಯಿತು. ನಾವಿಬ್ಬರೂ ಅದನ್ನು ಕಣ್ಣಿನ ಲೆಕ್ಕದಲ್ಲೇ ಹೇಳುತ್ತಿದ್ದೆವು, ಬೇರೆ ಲೆಕ್ಕ ನಮಗೆ ಅರ್ಥವಾಗುತ್ತಿರಲಿಲ್ಲ. ಎರಡನೆಯ ತಿಂಗಳು ಮೂರು ಕಣ್ಣು ಎರಡೂವರೆಯಾಯಿತು. ಮೂರನೆಯ ತಿಂಗಳು ಏನೂ ಆಗಲಿಲ್ಲ. ನಾಲ್ಕನೆಯ ತಿಂಗಳ ಒಂದು ಬುಧವಾರ ಬೆಳಿಗ್ಗೆ ಸರಿಯಾಗಿ ಎರಡು ಕಣ್ಣಿಗೆ ಬಂದು ನಿಂತಿತು, ಭಾಮೈದನ ಫೋನೂ ಬಂತು.

"ಭಾವ, ಕೆಲಸ ಬಿಟ್ಟು ಆಫೀಸಿಗೆ ಹೋಗಿ. ನಮ್ಮ ನಾಣ್ಯ ಬೀಳ್ತಾ ಇದೆ, ಇನ್ನೂ ಬೀಳುತ್ತೆ. ಈಗಲೇ ಇದನ್ನ ಸ್ವಾಪ್ ಮಾಡಿ ಸ್ಥಿರ ನಾಣ್ಯಕ್ಕೆ ಹಾಕಿಬಿಡಿ. ಅದು ಏರೋದೂ ಇಲ್ಲ ಇಳಿಯೋದೂ ಇಲ್ಲ. ಮುಂದಿನ ಬುಧವಾರ ಆಸ್ಪತ್ರೆಗೆ ಕಟ್ಟೋದು ಅಲ್ಲಿಂದಲೇ."

"ಇಳಿಯದ ನಾಣ್ಯ ಇತ್ತಾ?" ಅಂದರು ಮ್ಯಾನೇಜರು. "ಮೊದಲೇ ಯಾಕೆ ಹೇಳ್ಲಿಲ್ಲ ನೀನು?"

"ಅದು ಏರಲ್ಲ ಭಾವ."

"ನಂಗೆ ಏರಬೇಕಾಗಿರ್ಲಿಲ್ವಲ್ಲ ಕಣೋ."

ಮ್ಯಾನೇಜರು ನನ್ನ ಮೇಜಿನ ಎದುರು ಕೂತು, ಸ್ಪೀಕರಿನಲ್ಲಿ ಭಾಮೈದ ಹೇಳಿದಂತೆ ಸ್ವಾಪ್ ಒತ್ತಿದರು. ಮೇಲೆ ಕೊಡುವ ನಾಣ್ಯ, ಕೆಳಗೆ ಪಡೆಯುವ ನಾಣ್ಯ. ಫೋನು, ನೆಟ್‌ವರ್ಕ್ ಶುಲ್ಕ ಸಾಲದು ಎಂದಿತು.

"ಶುಲ್ಕಾನ ಮೂರನೇ ಒಂದು ನಾಣ್ಯದಲ್ಲಿ ಕೊಡಬೇಕು ಭಾವ."

"ನಾನು ಕೊಡೋದು ಒಂದು, ತಗೊಳ್ಳೋದು ಒಂದು, ಮಧ್ಯೆ ಈ ಮೂರನೆಯವನು ಯಾರು?"

"ಆ ರಸ್ತೆಗೆ ಅದೇ ಸುಂಕ. ಇರಿ, ನಾನೇ ಚೂರು ಕಳಿಸ್ತೀನಿ."

ಚೂರು ಬಂತು. ಫೋನು ಅನುಮತಿ ಕೇಳಿತು, ಕೊಟ್ಟರು. ಆಮೇಲೆ, ಬೆಲೆ ಶೇಕಡಾ ಒಂದರಷ್ಟು ಜಾರಬಹುದು, ಒಪ್ಪುತ್ತೀರಾ ಎಂದಿತು. ಮ್ಯಾನೇಜರು ನನ್ನ ಮುಖ ನೋಡಿದರು. "ಸಾಹೇಬ್ರೇ, ನೀವು ಸರ್ಕಾರಿ ಮನುಷ್ಯರು. ಒಪ್ಪಬಹುದಾ?"

"ಲಿಖಿತವಾಗಿ ಕೇಳದ ಪ್ರಶ್ನೆಗೆ ನಾನು ಅಭಿಪ್ರಾಯ ಕೊಡೋದಿಲ್ಲ" ಅಂದೆ. ಆಗ ಅದು ಬಹಳ ಘನವಾದ ಮಾತೆಂದು ನನಗೆ ತೋರಿತ್ತು.

ಕೊನೆಗೆ ಅವರೇ ಧೈರ್ಯ ಮಾಡಿ ಒಪ್ಪಿದರು. ಫೋನು ಬೆರಳಚ್ಚು ಕೇಳಿತು. ಕಲ್ಲಿನ ಕೆಲಸದವರ ಬೆರಳಿನಲ್ಲಿ ಗೆರೆಗಳೇ ಇರುವುದಿಲ್ಲ, ಇದ್ದಷ್ಟೂ ಸವೆದುಹೋಗಿರುತ್ತವೆ. ಒತ್ತಿದರು, ಯಾರಿದು ಎಂದಿತು. ಮತ್ತೆ ಒತ್ತಿದರು, ಮತ್ತೆ ಯಾರಿದು ಎಂದಿತು. "ನಾನೇ ಕಣಪ್ಪಾ, ಮ್ಯಾನೇಜರು" ಎಂದು ಫೋನಿಗೆ ಮೆಲ್ಲಗೆ ಹೇಳಿದರು. ಆಮೇಲೆ ಧೂಳು ತೊಳೆದರೆ ಸರಿಹೋದೀತೆಂದು ಎದ್ದು, ಶೆಡ್ಡಿನ ಮುಂದೆ ಕಲ್ಲು ಕೊಯ್ಯುವ ಯಂತ್ರದ ನೀರಿನ ತೊಟ್ಟಿಗೆ ಕೈ ಹಾಕಿದರು. ಬಲಗೈ ಹಾಕಿದ್ದರೆ ಬೆರಳು ಮಾತ್ರ ನೆನೆಯುತ್ತಿತ್ತು. ಅವರು ಎಡಗೈ ಹಾಕಿದರು, ಫೋನು ಅದರಲ್ಲಿತ್ತು.

ತೊಟ್ಟಿಯಲ್ಲಿರುವುದು ನೀರಲ್ಲ, ಬೂದುಬಣ್ಣದ ಗಂಜಿ. ತೆಗೆದಾಗ ಫೋನು ಸಣ್ಣ ಸಮಾಧಿ ಕಲ್ಲಿನ ಹಾಗೇ ಇತ್ತು.

ನನ್ನ ಫೋನಿನಿಂದ ಭಾಮೈದನಿಗೆ ಹೇಳಿದೆವು. ಅವನು ಸ್ವಲ್ಪವೂ ಗಾಬರಿಯಾಗಲಿಲ್ಲ. "ಫೋನ್ ಸತ್ರೆ ಸಾಯ್ಲಿ. ಪದಗಳಿವೆ ತಾನೆ?"

"ಪದ ಕಲ್ಲಲ್ಲಿದೆ ಕಣೋ" ಎಂದು ಮ್ಯಾನೇಜರು ಎದೆಯುಬ್ಬಿಸಿ, ಶೆಡ್ಡಿಗೆ ಹೋಗಿ ಗೋಣಿ ಬಿಚ್ಚಿದರು. ಆ ಮಗುವಿನ ಕಲ್ಲಾದ ಮೇಲೆ ಮೊದಲ ಸಲ ಒಂದು ಕಲ್ಲನ್ನು ಓದಿದರು. ಅದರಲ್ಲಿದ್ದದ್ದು ಆ ಹನ್ನೆರಡು ಪದಗಳಲ್ಲ.

ಅದು ನಿವೃತ್ತ ಹೆಡ್‌ಮಾಸ್ಟರೊಬ್ಬರ ಕಲ್ಲು. ಅವರು ನಲವತ್ತು ವರ್ಷ ಕವಿತೆ ಬರೆದವರು. ಅವು ಯಾರಿಗೂ ಅರ್ಥವಾಗಿರಲಿಲ್ಲ, ಅರ್ಥವಾಗಲಿಲ್ಲ ಎಂದು ಅವರೆದುರು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ತಮ್ಮ ಸಮಾಧಿಯ ಮೇಲೆ ಹೆಸರು ಬೇಡ, ದಿನಾಂಕ ಬೇಡ, ಕೊನೆಯ ಕವಿತೆಯೊಂದೇ ಇರಲಿ ಎಂದು ಬರೆದಿಟ್ಟು ತೀರಿಕೊಂಡಿದ್ದರು. ಅವರ ಹೆಂಡತಿ ಆ ಕವಿತೆಯನ್ನು ಲಕೋಟೆಯಲ್ಲಿ ಹಾಕಿ ಮ್ಯಾನೇಜರಿಗೆ ಕೊಟ್ಟಿದ್ದರು. ಎರಡೂ ಕಲ್ಲು ಒಂದೇ ಅಳತೆ, ಒಂದೇ ಗೋಣಿ, ಒಂದೇ ಗೋಡೆ. ಬೆಳಿಗ್ಗೆ ಗುತ್ತಿಗೆದಾರ ಬಂದು ಕೈಗೆ ಸಿಕ್ಕಿದ್ದನ್ನು ಹೊತ್ತೊಯ್ದಿದ್ದ.

ನಾವು ಓಡಿದೆವು. ಸ್ಮಶಾನದಲ್ಲಿ ಓಡಬಾರದೆಂಬ ನಿಯಮ ಬರೆದವನೇ ನಾನು, ಆದರೂ ಓಡಿದೆ. ಹೆಡ್‌ಮಾಸ್ಟರ ಸಮಾಧಿಯ ತಲೆಭಾಗದಲ್ಲಿ ಮ್ಯಾನೇಜರ ಬ್ಯಾಂಕು ನೆಟ್ಟಗೆ ನಿಂತಿತ್ತು. ಗುತ್ತಿಗೆದಾರ ಕರಣೆಯಿಂದ ಬುಡದ ಕಾಂಕ್ರೀಟು ನುಣುಪು ಮಾಡುತ್ತಿದ್ದ. ಮ್ಯಾನೇಜರು ಬೆರಳಿಟ್ಟು ಎಣಿಸಿದರು. ಏಣಿ, ಉಪ್ಪು, ಕತ್ತೆ, ಕಿಟಕಿ, ಅನಾಥ, ಚಮಚ, ಮಂಜು, ಸೋದರಮಾವ, ಸುತ್ತಿಗೆ, ಮೌನ. ಹತ್ತು. ಹನ್ನೊಂದನೆಯದೂ ಹನ್ನೆರಡನೆಯದೂ ಕಾಂಕ್ರೀಟಿನೊಳಗಿದ್ದವು.

"ಎತ್ತು ಇದನ್ನ" ಅಂದರು ಮ್ಯಾನೇಜರು.

"ಈಗಾದ್ರೆ ಎತ್ತಬಹುದು," ಅಂದ ಗುತ್ತಿಗೆದಾರ. "ಇನ್ನೂ ಹಸಿ ಇದೆ, ಮೊಸರಿಂದ ಚಮಚ ತೆಗೆದ ಹಾಗೆ ಬರುತ್ತೆ. ಸಾಹೇಬ್ರು ಹೂಂ ಅನ್ಬೇಕು."

ಇಬ್ಬರೂ ನನ್ನ ಕಡೆ ನೋಡಿದರು. ನಾನು ನಿಯಮ ಹದಿನೇಳನ್ನು ಬಾಯಿಪಾಠ ಒಪ್ಪಿಸಿದೆ. ಒಮ್ಮೆ ನೆಟ್ಟ ಕಲ್ಲನ್ನು ಐದು ದಿನ ಮುಟ್ಟುವಂತಿಲ್ಲ. ಆಮೇಲೆ ಎತ್ತಬೇಕಾದರೂ ಮೃತರ ಹತ್ತಿರದ ಸಂಬಂಧಿಯ ಸಹಿ ಬೇಕು, ಮೂರು ಪ್ರತಿಯಲ್ಲಿ. "ಕಾಂಕ್ರೀಟ್ ಗಟ್ಟಿಯಾಗ್ಲಿ ಅಂತಲೇ ಐದು ದಿನ ಇಟ್ಟಿರೋದು" ಎಂದು ವಿವರಿಸಿದೆ ಬೇರೆ.

"ಸಾಹೇಬ್ರೇ, ಇದು ಅವಳ ಕಣ್ಣು."

"ಗೊತ್ತು. ಆದ್ರೆ ಇವತ್ತು ನಿಮಗೆ ಎತ್ತಿಕೊಟ್ರೆ ನಾಳೆ ಎಲ್ಲರೂ ಎತ್ತಿ ಅಂತಾರೆ."

ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ಕಲ್ಲು ಎತ್ತಿ ಎಂದು ಕೇಳಿರಲಿಲ್ಲ. ಇನ್ನು ಮುಂದೆಯೂ ಕೇಳುವವರಿಲ್ಲ. ಅದು ನನಗೆ ಮನೆಗೆ ಹೋದ ಮೇಲೆ ಹೊಳೆಯಿತು, ಅಷ್ಟು ಹೊತ್ತಿಗೆ ಕಾಂಕ್ರೀಟು ಹಸಿಯಾಗಿರಲಿಲ್ಲ.

ಮರುದಿನ ಭಾಮೈದ ಒಂದು ಪಟ್ಟಿ ಕಳಿಸಿದ. ವ್ಯಾಲೆಟ್ಟಿನ ಪದಗಳೆಲ್ಲ ಒಂದೇ ಪಟ್ಟಿಯಿಂದ ಬರುತ್ತವಂತೆ, ಒಟ್ಟು ಎರಡು ಸಾವಿರದ ನಲವತ್ತೆಂಟು. ಕೊನೆಯ ಎರಡು ಪದಗಳನ್ನು ಊಹಿಸಿ ನೋಡಬಹುದಂತೆ. ಮ್ಯಾನೇಜರು ನನ್ನ ಫೋನು ತೆಗೆದುಕೊಂಡು ಬೆಂಚಿನ ಮೇಲೆ ಕೂತು, ಒಂದೊಂದೇ ಜೋಡಿ ಹಾಕತೊಡಗಿದರು. ಮಧ್ಯಾಹ್ನ ಭಾಮೈದ ಮತ್ತೆ ಫೋನು ಮಾಡಿದ.

"ಭಾವ, ಲೆಕ್ಕ ಹಾಕಿದೆ. ನಿಮಿಷಕ್ಕೊಂದು ಜೋಡಿಯಂತೆ ಹಗಲೂ ರಾತ್ರಿ ಹಾಕಿದ್ರೆ ಎಂಟು ವರ್ಷ ಸಾಕು."

"ಬುಧವಾರ ಕಟ್ಟಬೇಕು ಕಣೋ" ಅಂದರು ಮ್ಯಾನೇಜರು. ಸಿಟ್ಟಿನಿಂದಲ್ಲ, ಯಾರಾದರೂ ಅವನಿಗೆ ನೆನಪಿಸಬೇಕಲ್ಲ ಎಂಬಂತೆ. ಅಂದು ಸಂಜೆ ಒಂದೂಮುಕ್ಕಾಲು ಕಣ್ಣಿತ್ತು.

ಭಾನುವಾರ ಕಲ್ಲಿನ ಅನಾವರಣ. ಹೆಡ್‌ಮಾಸ್ಟರ ಹಳೆಯ ಶಿಷ್ಯರು, ಸಹೋದ್ಯೋಗಿಗಳು, ಎಲ್ಲರೂ ಕಪ್ಪು ಬಟ್ಟೆ ಹಾಕಿಕೊಂಡು, ಇನ್ನೊಂದು ಅರ್ಥವಾಗದ ಕವಿತೆಗೆ ಮುಖ ಸಿದ್ಧಮಾಡಿಕೊಂಡು ಬಂದಿದ್ದರು. ಕಲ್ಲಿನ ಮೇಲಿನ ಬಟ್ಟೆ ಎಳೆದರು. ಶಿಷ್ಯರಲ್ಲಿ ಈಗ ಕಾಲೇಜು ಮೇಷ್ಟರಾಗಿರುವವರೊಬ್ಬರು ಗಟ್ಟಿಯಾಗಿ ಓದಿದರು.

"ಮೌನದಲ್ಲಿ ನಿಲ್ಲಿಸಿದ್ದಾರೆ ನೋಡಿ," ಅಂದರು ಮೇಷ್ಟರು, ಕನ್ನಡಕ ತೆಗೆದು ಒರೆಸುತ್ತಾ. "ಏಣಿಯಿಂದ ಶುರುವಾಗಿ ಮೌನಕ್ಕೆ ಬಂದಿದ್ದಾರೆ. ಇಡೀ ಬದುಕು ಬಂತಲ್ಲ ಇದರಲ್ಲಿ."

"ಸೋದರಮಾವ ಅಂತ ಬಂದಿದ್ದು ನನ್ನ ಬಗ್ಗೆನೇ ಇರಬೇಕು" ಎಂದು ಒಬ್ಬ ಮುದುಕರು ಕಣ್ಣೊರೆಸಿಕೊಂಡರು. ಅವರು ಹೆಡ್‌ಮಾಸ್ಟರಿಗೆ ಸೋದರಮಾವನೇ ಆಗಬೇಕಂತೆ. ಕತ್ತೆ ಯಾರ ಬಗ್ಗೆ ಎಂದು ಯಾರೂ ಹೇಳಲಿಲ್ಲ, ಆದರೆ ಕೆಲವರು ಸಹೋದ್ಯೋಗಿಗಳು ಒಬ್ಬರನ್ನೊಬ್ಬರು ನೋಡಿಕೊಂಡರು.

ಆಮೇಲೆ ಎಲ್ಲರೂ ಫೋನು ತೆಗೆದು ಫೋಟೋ ಹೊಡೆದುಕೊಂಡರು. ಯಾರಿಗೂ ತೋರಿಸಬಾರದೆಂದು ಭಾಮೈದ ಹೇಳಿದ್ದ ಪದಗಳಲ್ಲಿ ಹತ್ತನ್ನು ಎಪ್ಪತ್ತು ಜನ ಮನೆಗೆ ಒಯ್ದರು. ಮ್ಯಾನೇಜರು ಒಂದು ಮರದ ಹಿಂದೆ ನಿಂತು ಎಲ್ಲವನ್ನೂ ನೋಡಿದರು. ಮೂವತ್ತು ವರ್ಷದ ಅವರ ಕೆಲಸವನ್ನು ಜನ ಇಷ್ಟು ಹೊಗಳಿದ್ದು ಅದೇ ಮೊದಲು. ಅಂದು ಒಂದೂಕಾಲು ಕಣ್ಣು.

ಸೋಮವಾರ ಬೆಳಿಗ್ಗೆ ಐದು ದಿನ ತುಂಬಿತು. ಮೂರು ಪ್ರತಿ ಅರ್ಜಿ ನಾನೇ ಬರೆದೆ, ನಾನೇ ಜೊತೆಗೆ ಹೋದೆ. ಹೆಡ್‌ಮಾಸ್ಟರ ಹೆಂಡತಿ ಬಾಗಿಲು ತೆಗೆದರು. ಎರಡು ಕೋಣೆಯ ಮನೆ. ಒಂದು ಕೋಣೆಯ ತುಂಬ ನೆಲದಿಂದ ಎದೆಮಟ್ಟದವರೆಗೆ ನೋಟುಬುಕ್ಕುಗಳು. ಕೂರಲು ಜಾಗ ಮಾಡಿಕೊಡಲು ಆಕೆ ಒಂದು ಕಟ್ಟನ್ನು ಕಾಲಿನಿಂದಲೇ ಸರಿಸಿದರು.

"ಅಮ್ಮಾ, ಒಂದು ತಪ್ಪಾಗಿದೆ" ಎಂದು ಶುರುಮಾಡಿದರು ಮ್ಯಾನೇಜರು.

"ಕಲ್ಲು ಬದಲಾಗಿದೆ," ಅಂದರು ಆಕೆ. "ಗೊತ್ತು."

ನಾವಿಬ್ಬರೂ ಕಣ್ಣು ಕಣ್ಣು ಬಿಟ್ಟೆವು.

"ನಲವತ್ತು ವರ್ಷ ಅವರು ಬರೆದಿದ್ದನ್ನೆಲ್ಲ ಮೊದಲು ಓದಿದ್ದು ನಾನು. ಇಷ್ಟು ಚೆನ್ನಾಗಿ ಅವರು ಯಾವತ್ತೂ ಬರೀಲಿಲ್ಲ."

"ಮತ್ತೆ ನಿನ್ನೆ ಸುಮ್ಮನಿದ್ರಲ್ಲಮ್ಮ."

"ಜನ ಹೊಗಳ್ತಾ ಇದ್ರು. ಬದುಕಿದ್ದಾಗ ಅವರನ್ನ ಯಾರೂ ಹೊಗಳಿರ್ಲಿಲ್ಲ. ಅಡ್ಡ ಬರೋಕೆ ಮನಸ್ಸಾಗ್ಲಿಲ್ಲ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ಯಾರದ್ದು ಅದು? ಬರೆದವರು ಇದ್ದಾರಾ?"

ಮ್ಯಾನೇಜರು ಎಲ್ಲವನ್ನೂ ಹೇಳಿದರು. ನಾಣ್ಯ, ಭಾಮೈದ, ತೊಟ್ಟಿ, ಕಾಜಾ, ಡಾಕ್ಟರು ಪಕ್ಕಕ್ಕೆ ಕರೆದು ಹೇಳಿದ್ದು. ಹಿಂದು ಮುಂದಾಗಿ ಹೇಳಿದರು, ಆದರೂ ಆಕೆಗೆ ಅರ್ಥವಾಯಿತು. ಕಷ್ಟದ ಬರವಣಿಗೆ ಓದಿ ಅಭ್ಯಾಸವಿದ್ದವರು.

"ನಿಮ್ಮ ಹೆಂಡತಿಗೆ ಗೊತ್ತಾ ಇದು?"

"ಇಲ್ಲಮ್ಮ. ಬ್ಯಾಂಕಲ್ಲಿದೆ ಅಂದ್ಕೊಂಡಿದ್ದಾಳೆ."

ಆಕೆ ಮೂರೂ ಪ್ರತಿಗೆ ಸಹಿ ಹಾಕಿದರು. "ನೋಡ್ಕೊಂಡ ಮೇಲೆ ಅದೇ ಕಲ್ಲನ್ನ ವಾಪಸ್ ಅಲ್ಲೇ ನಿಲ್ಲಿಸಿ. ಈ ಸಲ ಎಲ್ಲಾ ಪದವೂ ಕಾಣೋ ಹಾಗೆ."

"ಸಾರ್ ಬರೆದದ್ದು ಇನ್ನೊಂದಿದೆಯಲ್ಲಮ್ಮ, ಅದು?"

"ಗೋಡೆ ಕಡೆ ಮುಖ ಮಾಡಿ ಇಟ್ಟಿದ್ದೀರಲ್ಲ, ಹಾಗೇ ಇರ್ಲಿ. ಅದನ್ನ ಓದೋಷ್ಟು ತಾಳ್ಮೆ ಗೋಡೆಗೇ ಇರೋದು." ಆಮೇಲೆ ಬಾಗಿಲವರೆಗೆ ಬಂದು ಕೇಳಿದರು, "ಬುಧವಾರವೇ ಬಂದಿದ್ರೆ ಅವತ್ತೇ ಸಹಿ ಹಾಕ್ತಿದ್ನಲ್ಲ. ಐದು ದಿನ ಯಾಕೆ ಕಾದ್ರಿ?"

ಮ್ಯಾನೇಜರು ಒಳ್ಳೆಯ ಮನುಷ್ಯ, ನನ್ನ ಕಡೆ ಬೆರಳು ತೋರಿಸಲಿಲ್ಲ. ನಾನು ಅರ್ಜಿಯ ಮೂರು ಪ್ರತಿಗಳನ್ನು ಜೋಡಿಸಿಕೊಳ್ಳುತ್ತಾ ನಿಂತೆ. ಅವು ಮೊದಲೇ ಜೋಡಣೆಯಾಗಿದ್ದವು.

ಐದು ದಿನ ಗಟ್ಟಿಯಾದ ಕಾಂಕ್ರೀಟನ್ನು ಒಡೆಯಲು ಗುತ್ತಿಗೆದಾರನಿಗೆ ಮಧ್ಯಾಹ್ನ ಮೂರರವರೆಗೆ ಬೇಕಾಯಿತು. ಕೊನೆಗೆ ಕಲ್ಲು ಅಲುಗಾಡಿತು, ಎತ್ತಿ ಮಲಗಿಸಿದ. ಮ್ಯಾನೇಜರು ಉಳಿಯಿಂದ ಒಂದೊಂದೇ ಚೂರು ಬಿಡಿಸಿದರು. ಹನ್ನೊಂದನೆಯ ಪದ, 'ಇನ್ನೊಂದು'. ಹನ್ನೆರಡನೆಯದು, 'ಬೇಸಿಗೆ'.

ನನ್ನ ಆಫೀಸಿನಲ್ಲಿ, ನನ್ನ ಫೋನಿನಲ್ಲಿ, ಹನ್ನೆರಡೂ ಪದ ಹಾಕಿದೆವು. ಸ್ವಲ್ಪ ಹೊತ್ತು ಚಕ್ರ ತಿರುಗಿ ಹಣ ಕಾಣಿಸಿತು. ನಾಣ್ಯಗಳ ಸಂಖ್ಯೆ ಒಂದೂ ಕಡಿಮೆಯಾಗಿರಲಿಲ್ಲ, ಬೆಲೆ ಮಾತ್ರ ಕಡಿಮೆಯಾಗಿತ್ತು. ಭಾಮೈದ ಕಳಿಸಿದ್ದ ಸುಂಕದ ಚೂರೂ ಹಾಗೇ ಇತ್ತು. ಸ್ವಾಪ್ ಒತ್ತಿದೆವು. ಮೇಲೆ ಬೀಳುವ ನಾಣ್ಯ, ಕೆಳಗೆ ಬೀಳದ ನಾಣ್ಯ. ಬೆಲೆ ಜಾರಬಹುದು, ಒಪ್ಪುತ್ತೀರಾ ಎಂದು ಮತ್ತೆ ಕೇಳಿತು.

"ಒಪ್ಪಿ" ಅಂದೆ ನಾನು. ಯಾರೂ ಲಿಖಿತವಾಗಿ ಕೇಳಿರಲಿಲ್ಲ.

ಬೆರಳಚ್ಚು ಕೇಳಿತು. ಫೋನು ನನ್ನದು, ಬೆರಳೂ ನನ್ನದೇ ಬೇಕಿತ್ತು. ನನ್ನ ಬೆರಳಿನಲ್ಲಿ ಗೆರೆಗಳೆಲ್ಲ ಅಚ್ಚುಕಟ್ಟಾಗಿವೆ, ಇಪ್ಪತ್ತಾರು ವರ್ಷ ಮೊಹರು ಒತ್ತುವುದು ಬಿಟ್ಟು ಬೇರೇನೂ ಮಾಡಿದ ಬೆರಳಲ್ಲ. ಒಂದೇ ಸಲಕ್ಕೆ ಒಪ್ಪಿಕೊಂಡಿತು. ಅರ್ಧ ನಿಮಿಷದಲ್ಲಿ ಸ್ವಾಪ್ ಮುಗಿಯಿತು ಎಂದು ಬಂತು.

ಒಂದು ಕಣ್ಣು, ಮೇಲೆ ಹುಬ್ಬಿನಷ್ಟು ಚಿಲ್ಲರೆ.

ಮ್ಯಾನೇಜರು ಆ ಸಂಖ್ಯೆಯನ್ನು ಬಹಳ ಹೊತ್ತು ನೋಡಿದರು. ಸ್ಥಿರ ನಾಣ್ಯವಲ್ಲವೇ, ಎಷ್ಟು ನೋಡಿದರೂ ಅಷ್ಟೇ ಇತ್ತು. ಬುಧವಾರದ ಬೆಲೆಗೂ ಇದಕ್ಕೂ ನಡುವೆ ಕಳೆದುಹೋದದ್ದು ನನ್ನ ನಿಯಮ ಹದಿನೇಳು. ನಾನು ನನ್ನ ಉಳಿತಾಯದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಅದರಲ್ಲಿದ್ದದ್ದು ರೆಪ್ಪೆಗೂ ಸಾಲುವಂತಿರಲಿಲ್ಲ. ಅವರು ಅದನ್ನು ಮಡಿಸಿ ನನ್ನ ಜೇಬಿಗೇ ವಾಪಸ್ ಹಾಕಿದರು.

"ಯಾವ ಕಣ್ಣು ಅಂತ ಕೇಳ್ತಾರಲ್ವಾ ಸಾಹೇಬ್ರೇ?" ಅಂದರು. "ಸೂಜಿ ಪೋಣಿಸುವಾಗ ಅವಳು ಎಡಗಣ್ಣು ಮುಚ್ಚಿಕೊಳ್ತಾಳೆ. ಬಲಗಣ್ಣು ಅನ್ಲಾ?"

ಹೆಂಡತಿಗೆ ಏನು ಹೇಳುವುದೆಂದು ಇಬ್ಬರೂ ಕೂತು ಯೋಚಿಸಿದೆವು. ವರ್ಷಕ್ಕೆ ಒಂದೇ ಕಣ್ಣು ಮಾಡುವುದು, ಇನ್ನೊಂದನ್ನು ಮುಂದಿನ ಬೇಸಿಗೆಗೆ ಮಾಡುತ್ತಾರೆ ಎಂದು ಹೇಳುವುದೆಂದಾಯಿತು. ಅಷ್ಟರಲ್ಲಿ ಡಾಕ್ಟರು ಹೇಳಿದ್ದ ಗಡುವು ಮುಗಿದಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಬೇಸಿಗೆ ಎಂಬ ಮಾತು ಕಲ್ಲಿನಿಂದಲೇ ಬಂದಿರಬೇಕು, ಅದೇ ಬಾಯಲ್ಲಿತ್ತು. ಗಂಡನ ಮಾತು ನಂಬದಿದ್ದರೆ ಎಂದು ನನ್ನನ್ನೂ ಕರೆದೊಯ್ದರು. ಆಕೆ ನನ್ನ ಕಡೆಗೆ, ಅಂದರೆ ನನ್ನ ಎಡಕ್ಕಿದ್ದ ಬೀರುವಿನ ಕಡೆಗೆ ತಿರುಗಿ, "ಹೌದಾ ಅಣ್ಣ?" ಎಂದು ಕೇಳಿದರು. "ಹೌದಮ್ಮ, ಅದು ನಿಯಮ" ಅಂದೆ. ತಕ್ಷಣ ನಂಬಿದರು. ನನ್ನ ಬಾಯಿಂದ ನಿಯಮವೆಂದು ಬಂದದ್ದನ್ನು ನಂಬದವರು ಯಾರಿದ್ದಾರೆ.

ಆಪರೇಷನ್ ಚೆನ್ನಾಗಿ ಆಯಿತು. ತಿಂಗಳಾದ ಮೇಲೆ ಒಂದು ಸಂಜೆ ಆಕೆ ಗಂಡನ ಕೈ ಹಿಡಿದುಕೊಂಡು ಸ್ಮಶಾನಕ್ಕೆ ಬಂದರು. ಬಲಗಣ್ಣು ಬಿಟ್ಟಿತ್ತು, ಎಡಗಣ್ಣಿನ ಕಡೆ ಕನ್ನಡಕದ ಗಾಜಿಗೆ ಬಿಳಿ ಕಾಗದ ಅಂಟಿಸಿದ್ದರು. ಊರೆಲ್ಲ ಮಾತಾಡುವ ಆ ಕವಿತೆಯ ಕಲ್ಲು ನೋಡಬೇಕೆಂದರಂತೆ. ಗಂಡ ಕೆತ್ತಿದ ಅಕ್ಷರವನ್ನು ಅವರು ಸರಿಯಾಗಿ ನೋಡಿ ವರ್ಷವಾಗಿತ್ತು.

ಕಲ್ಲು ಈಗ ಒಂದೂವರೆ ಗೇಣು ಎತ್ತರದ ಪೀಠದ ಮೇಲೆ ನಿಂತಿದೆ, ಹನ್ನೆರಡೂ ಕಾಣುತ್ತವೆ. ಆ ವ್ಯಾಲೆಟ್ಟಿನಲ್ಲಿ ಕದಿಯಲು ಏನೂ ಉಳಿದಿಲ್ಲ, ಯಾರು ಬೇಕಾದರೂ ಓದಿಕೊಳ್ಳಲಿ. ಆಕೆ ಬೆರಳಿಟ್ಟುಕೊಂಡು, ಮಕ್ಕಳ ಹಾಗೆ, ಒಂದೊಂದಾಗಿ ಓದಿದರು. ಕತ್ತೆಗೆ ನಕ್ಕರು. ಮೌನದ ಹತ್ತಿರ ಸ್ವಲ್ಪ ನಿಂತರು.

"ಇನ್ನೊಂದು. ಬೇಸಿಗೆ." ಬೆರಳು ಅಲ್ಲೇ ಇತ್ತು. "ಪಾಪ, ಹೆಡ್‌ಮಾಸ್ಟರಿಗೆ ಇನ್ನೊಂದು ಬೇಸಿಗೆ ಸಿಗ್ಲಿಲ್ಲ."

ಮ್ಯಾನೇಜರು ಬೇರೆ ಯಾವುದೋ ಕಲ್ಲಿನ ಬಳ್ಳಿಯನ್ನು ಪರೀಕ್ಷೆ ಮಾಡುತ್ತಿದ್ದರು.

"ನನಗೆ ಸಿಗುತ್ತಲ್ಲ ಅಣ್ಣ," ಅಂದರು ಆಕೆ, ಈ ಸಲ ಸರಿಯಾಗಿ ನನ್ನ ಮುಖವನ್ನೇ ನೋಡುತ್ತಾ. "ಆ ಬೇಸಿಗೆಗೆ ಈ ಎಡಗಣ್ಣೂ ಸರಿಹೋದ್ರೆ ಕಾಜಾ ಬಿಟ್ಟು ದೊಡ್ಡ ಹೊಲಿಗೆ ಹಿಡೀತೀನಿ. ಖಂಡಿತ ಮಾಡ್ತಾರಲ್ವಾ?"

ಆ ಒಂದು ಕಣ್ಣು ಬಹಳ ಚೆನ್ನಾಗಿ ಕಾಣುತ್ತಿತ್ತು. ಅದರ ಎದುರು ನಿಂತು ನಾನು ಖಂಡಿತ ಅಂದೆ.